ಆದೇಶದ ಕೊನೆಯ ತಾರೀಖು ನೋಡಿದ್ದೀರಾ?

ಕ್ಯಾಲಿಫೋರ್ನಿಯಾದ ಕನ್ನಡಿಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಬಳಗದಲ್ಲೋ ಹಿರಿಯರೊಬ್ಬರು ಕಿರುಕುಳದ ವಿರುದ್ಧ ಕೋರ್ಟಿನಿಂದ ತಡೆಯಾಜ್ಞೆ ಪಡೆದಿದ್ದರೆ, ಆ ಕಾಗದ ತೆಗೆದು ಅವಧಿ ಎಂದು ಮುಗಿಯುತ್ತದೆಂದು ಇವತ್ತೇ ನೋಡಿ. 65 ತುಂಬಿದವರಿಗೂ, 18ರಿಂದ 64ರೊಳಗಿನ ಪರಾವಲಂಬಿ ವಯಸ್ಕರಿಗೂ ಇಲ್ಲಿ ಮೊದಲ ಸಲ ಸಿಗುವ ರಕ್ಷಣೆ ಹೆಚ್ಚೆಂದರೆ 5 ವರ್ಷದ್ದು. ತಾರೀಖನ್ನೇ ನಮೂದಿಸಿರದಿದ್ದರೆ 3 ವರ್ಷ. ಊರಿನ ರೂಢಿ ಬಲ್ಲವರು ಎಡವುವುದು ಇಲ್ಲೇ. ಭಾರತದ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮಹಿಳೆಗೆ ಸಿಕ್ಕ ರಕ್ಷಣಾ ಆದೇಶ, ಅವಳೇ ಬೇಡವೆಂದು ಅರ್ಜಿ ಹಾಕುವವರೆಗೆ ಸಾಮಾನ್ಯವಾಗಿ ಊರ್ಜಿತ. ಇಲ್ಲಿಯದು ಹಾಗಲ್ಲ. ನವೀಕರಿಸದೆ ತಾರೀಖು ಕಳೆದರೆ ಅದು ಬರೀ ಹಾಳೆ.

"ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ, ಇನ್ಯಾಕೆ?" ಎನ್ನುವವರಿದ್ದಾರೆ. ಬೇಲಿ ಹಾಕಿದ ಮೇಲೆ ದನ ನುಗ್ಗಲಿಲ್ಲವೆಂದು ಬೇಲಿ ಕೀಳುತ್ತೇವೆಯೇ? ಕಾನೂನು ಇದನ್ನು ಸರಿಯಾಗಿಯೇ ಗ್ರಹಿಸಿದೆ: ಮೊದಲ ಆದೇಶದ ನಂತರ ಹೊಸ ಕಿರುಕುಳ ನಡೆದಿದೆಯೆಂದು ತೋರಿಸದೆಯೂ ಇನ್ನೂ 5 ವರ್ಷಕ್ಕೆ, ಅಥವಾ ಶಾಶ್ವತವಾಗಿ, ನವೀಕರಿಸಬಹುದು. ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು; ಭಯ ಈಗಲೂ ಯಾಕಿದೆಯೆಂದು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. 72ರಲ್ಲಿ ಚೆಕ್ಕಿಗೆ ಸಹಿ ಹಾಕಲು ಒಪ್ಪದಿದ್ದ ಅಜ್ಜಿಗೆ 77ರಲ್ಲಿ ಅದೇ ಗಟ್ಟಿತನ ಇರಬೇಕೆಂದೇನಿಲ್ಲ. ಕಾಟ ಕೊಟ್ಟವನು ಮಾತ್ರ ಅಷ್ಟೊಂದು ಮುದುಕನಾಗಿರುವುದಿಲ್ಲ.

ಮನೆ ಜಗಳವನ್ನು ಮತ್ತೆ ಬೀದಿಗೆ ತರಬೇಕೇ ಎಂಬ ಸಂಕೋಚ ನಮ್ಮವರಲ್ಲಿ ದೊಡ್ಡದು. ಬೀದಿಗೆ ಬಂದದ್ದು ಕಿರುಕುಳದಿಂದ, ಅರ್ಜಿಯಿಂದಲ್ಲ. ಎದುರಿನವನಿಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾಗದು. ಬದಲಾದ ಮಗನೂ ಇರುತ್ತಾನೆ. ಅದಕ್ಕೇ ಅವನಿಗೆ ನೋಟಿಸು ಹೋಗುತ್ತದೆ, ಉತ್ತರ ಕೊಡಲು ಅವಕಾಶವಿದೆ, ವಿಚಾರಣೆ ನಡೆಯುತ್ತದೆ. ಶಾಶ್ವತವೆಂದ ಆದೇಶವನ್ನೂ ಮುಂದೆ ಇಬ್ಬರೂ ಒಪ್ಪಿ, ಇಲ್ಲವೆ ಒಬ್ಬರೇ ಕೇಳಿಕೊಂಡು, ಸಡಿಲಿಸಲೋ ತೆಗೆಸಲೋ ದಾರಿಯಿದೆ. ಹೀಗಿರುವಾಗ ಬದಲಾಗಿದ್ದೇನೆಂದು ತೋರಿಸುವ ಹೊಣೆಯನ್ನು ಅವನು ಹೊರಲಿ. ಬದಲಾಗಿದ್ದಾನೋ ಇಲ್ಲವೋ ಎಂದು ಬಾಗಿಲು ತೆರೆದು ಪರೀಕ್ಷಿಸುವ ಪಾಡು ಹಿರಿಯರಿಗೆ ಬೇಡ. ಅರ್ಜಿ ನಮೂನೆಯ ಹೆಸರು ಇಎ-700. ಅವಧಿ ಮುಗಿಯುವ ಮುಂಚಿನ 3 ತಿಂಗಳೊಳಗೆ ಸಲ್ಲಿಸಬೇಕು. ಶುಲ್ಕವಿಲ್ಲ, ನೋಟಿಸನ್ನು ಶೆರಿಫ್ ಕಚೇರಿಯವರೇ ಉಚಿತವಾಗಿ ತಲುಪಿಸುತ್ತಾರೆ. ಕನ್ನಡ ದುಭಾಷಿ ಬೇಕಿದ್ದರೆ ಕೋರ್ಟಿಗೆ ಮೊದಲೇ ತಿಳಿಸಿ. ಹಿರಿಯರಿಗೆ ಇಂಗ್ಲಿಷ್ ಓದಲು ಬಾರದಿದ್ದರೆ, ಆ ತಾರೀಖನ್ನು ನಿಮ್ಮ ಫೋನಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ, 3 ತಿಂಗಳು ಹಿಂದಕ್ಕೆ ಎಣಿಸಿ.