ಸಹಿ ಹಾಕುವ ಮುಂಚೆ ಓದಿ



ಕದ್ವಾಡದಿಂದ ಕಾರವಾರಕ್ಕೆ ಗಾರೆ ಕೆಲಸಕ್ಕೆ ಹೋಗ್ತಿದ್ದ ನಮ್ಮ ಕೇರಿಯ ಹುಡುಗ ಹೊಂಡ ತಪ್ಪಿಸಲು ಹೋಗಿ ಬಿದ್ದ. ಜೀವ ಉಳೀತು, ಬೈಕಿನ ಫ್ರೇಮ್ ಬಾಗಿತು. ಫುಲ್ ಇನ್ಶೂರೆನ್ಸ್ ಇತ್ತು. ನೋಡಲು ಬಂದ ಸರ್ವೇಯರ್ ಕೇರಿಯ ಹೆಸರು ಕೇಳಿ ಹೇಳಿದ್ದು: "ಕಾಯಿಸಿ ನೆಟ್ಟಗೆ ಮಾಡಿಸಿ, ನಿಮ್ಮ ಕಡೆಯವರಿಗೆ ಅಷ್ಟು ಸಾಕು."

ಯಾರಿಗೆ ಸಾಕು ಸ್ವಾಮಿ? ಫ್ರೇಮ್ ಅಂದ್ರೆ ಗಾಡಿಯ ಬೆನ್ನೆಲುಬು. ಕಾಯಿಸಿ ಬಡಿದ ಕಬ್ಬಿಣದ ಮೇಲೆ ಕೂತು ಹೆದ್ದಾರಿ 66ರಲ್ಲಿ ಹೋಗೋದು ನಿಮ್ಮ ಮಗ ಅಲ್ವಲ್ಲ!

ನಾನು ಗುಮಾಸ್ತ, ಪಾಲಿಸಿ ಪೂರ್ತಿ ಓದಿದೆ. ರಿಪೇರಿ ಖರ್ಚು ಐಡಿವಿಯ, ಅಂದ್ರೆ ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆಯ, 75% ದಾಟಿದ್ರೆ ಅದು ಟೋಟಲ್ ಲಾಸ್. ಹೊಸ ಫ್ರೇಮ್ ಲೆಕ್ಕ ಹಿಡಿದ್ರೆ ದಾಟ್ತದೆ, ಬಡಿದು ನೆಟ್ಟಗೆ ಮಾಡಿದ್ರೆ ದಾಟೋದಿಲ್ಲ. ಆಟ ಇರೋದು ಇಲ್ಲೇ.

ಹುಡುಗ ಸಹಿ ಹಾಕಿಲ್ಲ. ನೀವೂ ಹಾಕಬೇಡಿ. ಸರ್ವೇ ವರದಿಯ ಪ್ರತಿ ಕೇಳಿ. ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಬೆಂಗಳೂರಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಪ್ರೀಮಿಯಂ ತಗೊಳ್ಳುವಾಗ ನೆನಪಾಗದ ಕೇರಿ, ಕ್ಲೇಮ್ ಕೊಡುವಾಗ ಯಾಕೆ ನೆನಪಾಗ್ತದೆ? ಬಾಬಾಸಾಹೇಬರು ಓದಿ ಅಂದಿದ್ದು ಪಾಲಿಸಿಯ ಸಣ್ಣ ಅಕ್ಷರಕ್ಕೂ ಸೇರಿಯೇ.