ಎತ್ತಿನ ಹೊಟ್ಟೆಯ ಕಡೆಗೂ ನೋಡಿ

ಮಾನ್ಯ ಪಶುಸಂಗೋಪನಾ ಆಯುಕ್ತರಿಗೆ,
ಮಹಾರಾಷ್ಟ್ರ ಸರ್ಕಾರ, ಔಂಧ್, ಪುಣೆ

ಲೋಣಾವಳಾದಲ್ಲಿ ನೆಲೆಸಿರುವ ಕನ್ನಡಿಗ ನಾನು. ಮಾವಳ ತಾಲ್ಲೂಕಿನ ಎತ್ತು, ಹೋರಿಗಳ ಪರವಾಗಿ ಬರೆಯುತ್ತಿದ್ದೇನೆ.

ದನಗಳ ವಧೆ ಕುರಿತ ಕಾಯ್ದೆಯ ತಿದ್ದುಪಡಿ 2015ರಲ್ಲಿ ಜಾರಿಗೆ ಬಂದ ಮೇಲೆ ಈ ರಾಜ್ಯದಲ್ಲಿ ಎತ್ತು, ಹೋರಿಗಳನ್ನೂ ವಧಿಸುವಂತಿಲ್ಲ. ಅವು ಬದುಕಿಕೊಂಡವು, ಮೇವಿನ ಏರ್ಪಾಡು ಮಾತ್ರ ಆಗಲಿಲ್ಲ. ಹಾಲು ಕರೆಯುವ ಹಸುವಿಗೆ ಹಿಂಡಿ, ಬೂಸಾ; ಎತ್ತಿಗೆ ಉಳಿದ ಹುಲ್ಲು. ಬಡ ರೈತನನ್ನು ನಾನು ದೂರುವುದಿಲ್ಲ.

ಮಾಂಸಕ್ಕಾಗಿ ದನ ಸಾಕುವ ಅಮೆರಿಕದಲ್ಲಿ ಕಾಳಿನ ಮೇವಿಗೆ ಮೊನೆನ್ಸಿನ್ ಎಂಬ ಔಷಧ ಬೆರೆಸುತ್ತಾರೆ. ಬೆಳವಣಿಗೆಗಾಗಿ ಅದನ್ನು ಬಳಸುವುದನ್ನು ಯುರೋಪ್ ಒಕ್ಕೂಟ 2006ರಲ್ಲೇ ನಿಲ್ಲಿಸಿತು. ನಮಗೂ ಅದು ಬೇಡ. ಇಲ್ಲಿನ ದನ ತಿನ್ನುವುದು ಇಂದ್ರಾಯಣಿ ಎಂಬ ತಳಿಯ ಭತ್ತದ ಒಣಹುಲ್ಲು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಸುಮಾರು ಶೇ 3–4. ಮೊದಲ ಹೊಟ್ಟೆಯಲ್ಲಿ ನಾರು ಒಡೆಯುವ ಸೂಕ್ಷ್ಮಜೀವಿಗಳು ಚುರುಕಾಗಿರಬೇಕಾದರೆ ಶೇ 7ರಷ್ಟಾದರೂ ಬೇಕು. ಇಲ್ಲದಿದ್ದರೆ ಹುಲ್ಲು ಕರಗದೆ ಅಲ್ಲೇ ಕೂರುತ್ತದೆ. ಹೊಟ್ಟೆ ಉಬ್ಬಿದಂತೆ ಕಂಡರೂ ಪಕ್ಕೆಲುಬು ಎಣಿಸಬಹುದು.

ಬೇಸಿಗೆಯಲ್ಲಿ ನಮ್ಮೂರ ಭುಶಿ ಅಣೆಕಟ್ಟೆಯ ದಾರಿಯಲ್ಲಿ ನಿಂತು ನೋಡಿ. ಎತ್ತುಗಳು ಮಣ್ಣಿನ ಗೋಡೆ ನೆಕ್ಕುತ್ತವೆ, ಬಟ್ಟೆ ಅಗಿಯುತ್ತವೆ, ಪ್ರವಾಸಿಗರು ಎಸೆದ ಚಿಪ್ಸ್ ಪೊಟ್ಟಣವನ್ನು ಉಪ್ಪಿನ ರುಚಿಗೆ ನುಂಗುತ್ತವೆ. ರಂಜಕ, ಉಪ್ಪು ಸಾಲದ ದನ ಹೀಗೆ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ನುಂಗಿದ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಸುಲಭವಾಗಿ ಹೊರಬರುವುದೂ ಇಲ್ಲ.

ಪರಿಹಾರ ದುಬಾರಿಯಲ್ಲ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಟಾರ್ಪಾಲಿನ್ ಮುಚ್ಚಿ 21 ದಿನ ಬಿಟ್ಟರೆ ಹುಲ್ಲು ಮೆತ್ತಗಾಗುತ್ತದೆ, ಅದರ ಪ್ರೋಟೀನ್ ಅಂಶ ಸುಮಾರು ಇಮ್ಮಡಿಯಾಗುತ್ತದೆ. ತಿನ್ನಿಸುವ ಮೊದಲು ಹರವಿ ಘಾಟು ಹೋಗಲು ಬಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಕೊಡಕೂಡದು. ಕರಗದ ಯೂರಿಯಾ ಹೊಟ್ಟೆಗೆ ಹೋದರೆ ದನ ಸತ್ತೇ ಹೋಗಬಹುದು. ಆದ್ದರಿಂದಲೇ ಕರಪತ್ರ ಹಂಚಿದರೆ ಸಾಲದು, ಪಶುವೈದ್ಯರೇ ಬಣವೆಯ ಬಳಿ ನಿಂತು ಮಾಡಿ ತೋರಿಸಬೇಕು.

ಇದರ ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಬೇಕು. ಆಯಾ ಸೀಮೆಯ ಮಣ್ಣು, ಮೇವು ನೋಡಿ ಮಿಶ್ರಣ ರೂಪಿಸುವ ತಿಳಿವಳಿಕೆ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿದೆ. ನಿಮ್ಮದೇ ಜಿಲ್ಲೆಯ ಉರುಳಿ ಕಾಂಚನದಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿ ಕಟ್ಟಿದ ಬಾಯಫ್ ಸಂಸ್ಥೆ ಇದೆ. ಎರಡೂ ಸಂಸ್ಥೆಗಳ ತಜ್ಞರನ್ನು ಕರೆಸಿ, ಮಾವಳದ ಮಳೆನಾಡಿಗೆ ಒಗ್ಗುವ ಮಿಶ್ರಣ ಮಾಡಿಸಿ. ಪಶು ಚಿಕಿತ್ಸಾಲಯಗಳಲ್ಲಿ ಅದು ಎತ್ತು ಸಾಕಿದವರಿಗೂ ರಿಯಾಯಿತಿಯಲ್ಲಿ ಸಿಗಲಿ.

ಭತ್ತದ ಕೊಯ್ಲು ಮುಗಿದು ಬಣವೆ ಒಟ್ಟುವ ಮೊದಲೇ, ಈ ನವೆಂಬರಿನಲ್ಲೇ, ಮೊದಲ ಪ್ರಾತ್ಯಕ್ಷಿಕೆ ನಡೆಸಿಕೊಡಬೇಕೆಂದು ಬೇಡುತ್ತೇನೆ.

ಇಂತಿ,
ಲೋಣಾವಳಾದ ಒಬ್ಬ ಕನ್ನಡಿಗ