ಹಳೆಯ ಚಿತ್ರ, ಹೊಸ ಚಿತ್ರ

ಹಾರೋಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಸಿನಿಮಾದ ಮಾತು ಬಂದರೆ ನಾನು ಬಲುಬೇಗ ನ್ಯಾಯಾಧೀಶನಾಗಿಬಿಡುತ್ತೇನೆ. “ಈಗಿನವೂ ಚಿತ್ರಗಳೇ? ಚಿತ್ರಗಳೆಂದರೆ ನಮ್ಮ ಕಾಲದವು” ಎಂಬುದು ನನ್ನ ಸಿದ್ಧವಾದ ತೀರ್ಪು. ಒಂದು ಸಂಜೆ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು, “ತಾತ, ನಿಮ್ಮ ಕಾಲದಲ್ಲಿ ಕೆಟ್ಟ ಚಿತ್ರಗಳೇ ಬರಲಿಲ್ಲವೆ?” ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಪ್ರಶ್ನೆಗೆ ಉತ್ತರ ಹೇಳಲಾರದೆ ತಡವರಿಸಿದೆ.

ನನ್ನ ಬಾಲ್ಯದಲ್ಲಿ ನಮಗೆ ಚಿತ್ರಮಂದಿರವೆಂದರೆ ಟೆಂಟು. ದೇವರ ಹಾಡು ಕೇಳಿಸಿತೆಂದರೆ ಟಿಕೆಟ್ಟು ಕೊಡುತ್ತಿದ್ದಾರೆಂದು ಅರ್ಥ. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕುಳಿತು ನೋಡುತ್ತಿದ್ದೆವು. ಸಿದ್ಧಲಿಂಗಯ್ಯನವರ ನಿರ್ದೇಶನದಲ್ಲಿ 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ನಾನು ಕಂಡದ್ದು ಹಾಗೆಯೇ. ಬರಡು ನೆಲವನ್ನು ಹಸನು ಮಾಡಿದ ನಾಯಕನನ್ನು ನೋಡಿ ಬಂದ ನನ್ನ ತಂದೆ, ಬೀಳುಬಿಟ್ಟಿದ್ದ ಹೊಲದ ಮಾತನ್ನು ದಾರಿಯುದ್ದಕ್ಕೂ ಆಡಿದರು. ಆ ಚಿತ್ರವನ್ನು ಕಂಡು ಓದಿದ ತರುಣರು ಬೇಸಾಯಕ್ಕೆ ಮರಳಿದರೆಂದು ಇಂದಿಗೂ ಹೇಳುವುದುಂಟು.

ಆದರೆ ಅದೇ ಟೆಂಟಿನಲ್ಲಿ ನೋಡಿದ ಇನ್ನೆಷ್ಟೋ ಚಿತ್ರಗಳ ಹೆಸರೂ ನನಗೆ ನೆನಪಿಲ್ಲ! ಕಣದಲ್ಲಿ ರಾಗಿ ತೂರುವುದನ್ನು ನೀವು ನೋಡಿದ್ದೀರಿ. ಗಾಳಿಗೆ ಹೊಟ್ಟು ಹಾರಿ, ಕಾಳು ಕೆಳಗೆ ಬೀಳುತ್ತದೆ. ಹಳೆಯ ಚಿತ್ರಗಳನ್ನು ಐವತ್ತು ವರ್ಷಗಳ ಗಾಳಿ ತೂರಿದೆ. ಹೊಸವಾದರೋ ಇನ್ನೂ ತೂರದ ರಾಶಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಒಮ್ಮೊಮ್ಮೆ ಹೊಟ್ಟಿನೊಡನೆ ಕಾಳೂ ಹಾರಿಹೋಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರವಾದ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ನಮ್ಮ ನೆರೆಯ ರಾಮನಗರದ ಉದಾಹರಣೆಯನ್ನೇ ನೋಡಿ. ರಮೇಶ್ ಸಿಪ್ಪಿಯವರ ‘ಶೋಲೆ’ ಎಂಬ ಹಿಂದಿ ಚಿತ್ರಕ್ಕಾಗಿ 1973ರಲ್ಲಿ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದರು. 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾದಾಗ ಮೊದಮೊದಲು ವಿಮರ್ಶಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. “ಬರೀ ಗುಂಡಿನ ಸದ್ದು, ಮಕ್ಕಳು ಕೆಟ್ಟುಹೋಗುತ್ತಾರೆ” ಎಂದು ನಮ್ಮ ಮನೆಯ ಹಿರಿಯರು ಗೊಣಗಿದ್ದು ನನಗೆ ನೆನಪಿದೆ. ಇಂದು ಅದೇ ಚಿತ್ರವನ್ನು ಹೊಗಳುವ ನಾವು, ಹೊಸ ಚಿತ್ರಗಳ ಬಗ್ಗೆ ಆ ಹಿರಿಯರ ಮಾತನ್ನೇ ಆಡುತ್ತಿದ್ದೇವೆ.

ಹಳೆಯ ಚಿತ್ರಗಳ ಗುಣ ಸಣ್ಣದೆಂದು ನಾನು ಹೇಳುತ್ತಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದ ರಾಜಕುಮಾರ್ ಗುಬ್ಬಿ ಕಂಪೆನಿಯ ರಂಗಭೂಮಿಯಲ್ಲಿ ಪಳಗಿದವರು. ಕನ್ನಡದ ಒಂದೊಂದು ಅಕ್ಷರವೂ ಅವರ ಬಾಯಲ್ಲಿ ಸ್ಪಷ್ಟ. ಆದರೆ ಆ ಕಾಲದ ಎಷ್ಟೋ ಚಿತ್ರಗಳಲ್ಲಿ ನೇಗಿಲು ಹಿಡಿದವನೂ ಅರಮನೆಯವನಂತೆ ಮಾತನಾಡುತ್ತಿದ್ದ. ಹೆಣ್ಣಿನ ಪಾಲಿಗೆ ಕಣ್ಣೀರೇ ಹೆಚ್ಚಾಗಿರುತ್ತಿತ್ತು. 2016ರಲ್ಲಿ ಮಗನ ಒತ್ತಾಯಕ್ಕೆ ರಾಮ್ ರೆಡ್ಡಿಯವರ ‘ತಿಥಿ’ ನೋಡಲು ಹೋದೆ. ಅದರಲ್ಲಿ ನಟಿಸಿದವರು ಮಂಡ್ಯದ ಕಡೆಯ ಹಳ್ಳಿಗರು. ನಮ್ಮ ಓಣಿಯ ಮಾತು, ಬೈಗುಳ, ಹಾಸ್ಯ ತೆರೆಯ ಮೇಲೆ ಕೇಳಿ ಬೆರಗಾದೆ. ಇಂತಹ ಮಾತನ್ನು ನನ್ನ ಟೆಂಟಿನ ದಿನಗಳಲ್ಲಿ ನಾನು ಕೇಳಿರಲಿಲ್ಲ.

ಹಾಗೆಂದು ಹೊಸತನ್ನೆಲ್ಲ ಒಪ್ಪಲಾರೆ. ಮಚ್ಚು ಹಿಡಿದವನೇ ವೀರನೆಂದು ತೋರಿಸುವ ಚಿತ್ರಗಳೂ, ಕಿವಿಗಡಚಿಕ್ಕುವ ಸದ್ದೂ ನನಗೆ ಹಿಡಿಸುವುದಿಲ್ಲ. ಆದರೆ ಅದು ಆ ಚಿತ್ರಗಳ ದೋಷವೇ ಹೊರತು, ಕಾಲದ ದೋಷವಲ್ಲ.

ಈಗ ಮೊಮ್ಮಗಳಿಗೂ ನನಗೂ ಒಂದು ಒಪ್ಪಂದವಾಗಿದೆ: ಒಂದು ಭಾನುವಾರ ನಾನು ಹೇಳಿದ ಚಿತ್ರ, ಮರು ಭಾನುವಾರ ಅವಳದು. ‘ಬಂಗಾರದ ಮನುಷ್ಯ’ದ ಆರಂಭದಲ್ಲಿ ಆಕೆ ನಕ್ಕಳು, ಕೊನೆಯಲ್ಲಿ ನಾಯಕ ಮನೆ ತೊರೆದು ನಡೆದಾಗ ಮಾತಿಲ್ಲದೆ ಕುಳಿತಳು. ಎಳೆಯರೆ, ನೀವೂ ಒಂದು ಚಿತ್ರವನ್ನು ನೋಡಿದ ಮೇಲೆ ಮೂರು ದಿನ ಬಿಡಿ. ಆಗ ನಿಮ್ಮ ಮನಸ್ಸಿನಲ್ಲಿ ಏನು ಉಳಿದಿದೆಯೆಂದು ನೋಡಿಕೊಳ್ಳಿ. ಅದು ಯಾವ ವರ್ಷದ ಚಿತ್ರವೆಂಬುದನ್ನು ಆಮೇಲೆ ಕೇಳಿದರಾಯಿತು.